ರಸ್ತೆ ಕಡೆಯ ಕಿಡಕಿ

ಇಳಕಲ್
೧೮ ಜೂನ್ ೨೦೨೩

ತುಳಸೀಬಾಯಿ ಅಮ್ಮಾರಿಗೆ ನರ್ಗೀಸ ಮಾಡುವ ನಮಸ್ಕಾರಗಳು.

ನಿಮ್ಮ ಮಗಳು ಪದ್ಮಜಾ ಅಕ್ಕಾರಿಗೆ ಫೋನ್ ಮಾಡಿದ್ದೆ. "ಅಮ್ಮಗ ಕಿವಿ ಪೂರ್ತಿ ಹೋಗ್ಯಾವ. ಮನಿ ವಿಷಯ ಏನಿದ್ದರೂ ಕಾಗದ ಬರೀರಿ, ಆಕಿಗೂ ಛಲೋ ಅನಸ್ತದ" ಅಂದ್ರು. ಅದಕ್ಕ ಬರ್ಯಾಕತ್ತೇನಿ.

ನಿಮ್ಮಿಂದ ಮನಿ ತೊಗೊಂಡ ಮ್ಯಾಲೆ ಬ್ಯಾಸಗಿ ಪೂರ್ತಿ ತಂಪಾಗಿ ಕಳದ್ವಿ. ಹೋದ ವಾರ ಮೊದಲನೇ ದೊಡ್ಡ ಮಳಿ ಆತು. ಮಳಿ ನಿಂತ ಮ್ಯಾಲೆ ನೋಡ್ತೇನಿ, ಪಶ್ಚಿಮದ ಗೋಡಿ ಮೊಣಕಾಲ ಮಟಾ ಹಸಿ ಆಗೈತಿ. ಗಿಲಾವ ಉಬ್ಬಿ ಉದರಾಕತ್ತೈತಿ, ಒಳಗಿನ ಇಟ್ಟಂಗಿ ಮ್ಯಾಲೆ ಬೆಳ್ಳಗ ಉಪ್ಪು ಬಂದೈತಿ. ಬಟ್ಟು ಹಚ್ಚಿದ್ರ ಪುಡಿ. ಗೌಂಡಿ ಅಕ್ಬರಸಾಬ ಬಂದು ನೋಡಿ, "ಎಲ್ಲಾ ಕೆತ್ತಿ ಸಿಮೆಂಟ್ ಬಡದ್ಬಿಡೂಣು, ಎರಡು ದಿನದ ಕೆಲಸ" ಅಂದ್ರು. ನಮ್ಮವರು ಮಾತ್ರ, "ಹಳೇ ಮನಿ, ಮೊದಲ ಅಲ್ಲಿ ಬಾಳೇ ಮಾಡಿದವರನ್ನ ಕೇಳು" ಅಂತಾರ. ಅವರು ಕೆಲಸದ ಗದ್ದಲದಾಗ ಅದಾರ್ರಿ, ಅದಕ್ಕ ನಾನೇ ಕೇಳಾಕತ್ತೇನಿ.

ಇನ್ನೊಂದು. ರಸ್ತೆ ಕಡಿನ ಕೋಲಿ ಹಗಲಿನಾಗೂ ಕತ್ತಲಿ ಇರ್ತೈತಿ, ಹಸೀ ವಾಸನಿ ಹೋಗವಲ್ದು. ಅದಕ್ಕೇನು ಮಾಡ್ಬೇಕ್ರಿ?

ನಿಮ್ಮ
ನರ್ಗೀಸ


ನವನಗರ, ಬಾಗಲಕೋಟೆ
೨೭ ಜೂನ್ ೨೦೨೩

ಚಿ. ಸೌ. ನರ್ಗೀಸಗೆ ತುಳಸೀಬಾಯಿಯ ಆಶೀರ್ವಾದ.

ನಿನ್ನ ಕಾಗದ ಬಂತು. ಓದಿ ಮಡಚಿಟ್ಟು ಮತ್ತ ತಗದು ಓದಿದೆ. ಇಲ್ಲೆ ಎಲ್ಲಾರೂ ನನ್ನ ಮುಂದ ನಿಂತು ಒದರತಾರ. ಅವರ ಹಲ್ಲು ಕಾಣತಾವ, ಮಾತು ಕೇಳಸೂದಿಲ್ಲ. ಕಾಗದದಾಗ ಮಾತಾಡೋರು ಒಬ್ಬರು ಸಿಕ್ಕರಲಾ ಅನಿಸ್ತು. ನಿನಗ ನೀವು ಅನ್ನೂದು ನನಗ ಆಗೂದಿಲ್ಲ. ಪದ್ಮಜಾನಕಿಂತ ಸಣ್ಣಾಕಿ ನೀನು.

ಸಿಮೆಂಟ್ ಬ್ಯಾಡ. ಆ ಇಟ್ಟಂಗಿ ಸುಣ್ಣದಾಗ ಕಟ್ಟಿದ್ದು. ಮ್ಯಾಲೆ ಸಿಮೆಂಟ್ ಮೆತ್ತಿದ್ರ ಒಳಗಿನ ನೀರು ಒಳಗ ಉಳದು ಮುಂದಿನ ವರ್ಷ ಎದಿಮಟಾ ಏರತದ. ಮೊದಲು ಮಾಳಗಿ ಹತ್ತಿ ಹರನಾಳಗಿ ನೋಡು. ಬೇವಿನ ಎಲಿ ಕೂತು ಬಾಯಿ ಕಟ್ಟಿರತದ, ನೀರು ಹೊರಗ ಬೀಳೂದು ಬಿಟ್ಟು ಗೋಡಿಗುಂಟ ಇಳೀತದ. ಆಮ್ಯಾಲೆ ಗೋಡಿ ಹೊರಗಿನ ಮಣ್ಣು ತಗಸು. ಓಣಿಯವರು ರಸ್ತಾಕ್ಕ ಗರಸು ಹಾಕಿ ಹಾಕಿ ನಮ್ಮ ಮನಿ ಬುಡಾ ತಗ್ಗಿಗೆ ಬಂದದ. ಕೆಟ್ಟ ಗಿಲಾವ ಕೆತ್ತಿಸಿ ಇಟ್ಟಂಗಿಗೆ ಗಾಳಿ ಆಡಲಿಕ್ಕೆ ಬಿಡು. ಅಷ್ಟರಾಗ ಹಿತ್ತಲದಾಗ ಹೊಂಡಾ ತೋಡಿಸಿ ಸುಣ್ಣಾ ನೆನೀಲಿಕ್ಕೆ ಹಾಕು. ಬೆಣ್ಣಿ ಹಂಗ ಆಗೂ ತನಕಾ ಮುಟ್ಟಬ್ಯಾಡ. ಅಕ್ಬರಸಾಬಗ ಗಡಬಡಿ ಭಾಳ, ಅವರಪ್ಪನೂ ಹಂಗ ಇದ್ದ.

ನಿಮ್ಮ ಯಜಮಾನ್ರು ಮನಿ ನೋಡಲಿಕ್ಕೆ ಬಂದಾಗ ಮಾಳಗಿ ಮೆಟ್ಟಲದ ನಡುವ ಕೂತುಬಿಟ್ಟಿದ್ದರು. ಆ ಮೆಟ್ಟಲಾ ಭಾಳ ಕಡಿದವ. ಅವಸರ ಮಾಡಬ್ಯಾಡ್ರಿ ಅಂತ ಹೇಳು.

ರಸ್ತಾ ಕಡೀದು ನಮ್ಮ ಮಿಲಿಂದನ ಕೋಲಿ. ಅದು ಕತ್ತಲ ಕೋಲಿ. ಒಂದು ದೊಡ್ಡ ಲೈಟ್ ಹಾಕಸು.

ತುಳಸೀಬಾಯಿ


ಇಳಕಲ್
೩೦ ಜುಲೈ ೨೦೨೩

ತುಳಸೀಬಾಯಿ ಅಮ್ಮಾರಿಗೆ ನಮಸ್ಕಾರ.

ನೀವು ಹೇಳಿದ್ದು ಖರೆ ಆತು. ಹರನಾಳಗ್ಯಾಗ ಎಲಿ ಅಷ್ಟ ಅಲ್ಲ, ಒಂದು ಪಾರಿವಾಳದ ಗೂಡೂ ಇತ್ತು. ನಾನೇ ಹತ್ತಿ ತಗದೆ. ಸಾಲಿಯಿಂದ ಬಂದು ದಿನಾ ಸ್ವಲ್ಪ ಸ್ವಲ್ಪ ಗೋಡಿ ಬುಡದ ಮಣ್ಣೂ ತಗದೇನಿ. ಓಣ್ಯಾಗ ಹೋಗೋರು, "ಟೀಚರ ಬಾಯಾರು ಗುದ್ದಲಿ ಹಿಡದಾರ" ಅಂತ ನಿಂತು ನೋಡ್ತಾರ. ಸುಣ್ಣ ಹೊಂಡದಾಗ ಐತಿ.

ಅಕ್ಬರಸಾಬ ಗಿಲಾವ ಕೆತ್ತಾಕ ಶುರು ಮಾಡ್ಯಾರ. ಮನಿ ತುಂಬ ಧೂಳ. ನಮ್ಮವರು ಹುನಗುಂದದಾಗ ಅವರ ಅಕ್ಕ ರೋಷನಬಿ ಮನಿಗೆ ಹೋಗ್ಯಾರ. ಕೆಲಸ ಮುಗಿಯೂ ಮಟಾ ಅಲ್ಲೇ ಇರ್ತಾರ.

ಮಿಲಿಂದ ಅಣ್ಣಾರು ಈಗ ಎಲ್ಲಿ ಅದಾರ್ರಿ? ಆ ಕೋಲಿ ಬಾಗಲದ ಹಿಂದ ಎತ್ತರ ಅಳದ ಪೆನ್ಸಿಲ್ ಗೆರಿ ಅದಾವ. ಭಾಳ ಎತ್ತರ ಇರಬೇಕು ಅವರು. ಅಲ್ಲಿ ಸುಣ್ಣ ಬಳಿಸೂದಿಲ್ಲ, ಹಂಗ ಬಿಡ್ತೇನಿ.

ನಿಮ್ಮ
ನರ್ಗೀಸ


ನವನಗರ
೧೧ ಆಗಸ್ಟ್ ೨೦೨೩

ಚಿ. ಸೌ. ನರ್ಗೀಸಗೆ ಆಶೀರ್ವಾದ.

ನಿನ್ನ ಕಾಗದ ಓದಿ ನನಗ ನಿನ್ನ ಯಜಮಾನ್ರ ಮ್ಯಾಲೆ ಸಿಟ್ಟು ಬಂತು. ಹೆಂಡತಿ ಕೈಯಾಗ ಗುದ್ದಲಿ ಕೊಟ್ಟು ತಾವು ಅಕ್ಕನ ಮನ್ಯಾಗ ಹೋಗಿ ಕೂಡೂದು ಯಾವ ಪದ್ಧತಿ? ಧೂಳಾ ನಿನಗ ಹತ್ತೂದಿಲ್ಲೇನು? ಗಂಡಸರು ಮನಿ ತೊಗೊಳ್ಳಲಿಕ್ಕೆ ಮುಂದ, ಮನಿ ನೋಡಿಕೊಳ್ಳಲಿಕ್ಕೆ ಹಿಂದ. ನಮ್ಮ ಮನಿಯವರು ಕೃಷ್ಣಾಜಿಯವರೂ ಹಂಗ. ಇತಿಹಾಸ ಕಲಸತಿದ್ದರು. ಐಹೊಳಿ ಗುಡಿ ಒಂದೊಂದು ಕಲ್ಲಿಂದೂ ಕಥಿ ಹೇಳವರು, ಸ್ವಂತ ಗೋಡಿಗೆ ಮೊಳಿ ಹೊಡೀಲಿಕ್ಕೆ ಬರತಿರಲಿಲ್ಲ. ಹೊಡದರ ಬಟ್ಟಿಗೆ.

ಮರಳು ಸೋಸಿ ತೊಗೋ. ಸುಣ್ಣದಾಗ ಸ್ವಲ್ಪ ಬೆಲ್ಲದ ನೀರು ಹಾಕು. ಗಿಲಾವ ಆದ ಮ್ಯಾಲೆ ಒಮ್ಮೆಲೆ ಬಿಸಿಲಿಗೆ ಬಿಡಬ್ಯಾಡ, ಹಸೀ ಗೋಣಿಚೀಲಾ ಮುಚ್ಚು. ಸೀಳೂದಿಲ್ಲ.

ಯಜಮಾನ್ರಿಗೆ ಹೇಳು, ಮುದುಕಿ ಬೈದಾಳ ಅಂತ.

ತುಳಸೀಬಾಯಿ


ಇಳಕಲ್
೨೪ ಸೆಪ್ಟೆಂಬರ್ ೨೦೨೩

ಅಮ್ಮಾರಿಗೆ ನಮಸ್ಕಾರ.

ಕಾಗದ ತಡಾ ಆತು, ಮಾಫ್ ಮಾಡ್ರಿ. ಸಾಲಿ ಪರೀಕ್ಷೆ, ಬಾಗಲಕೋಟಿಗೆ ಎರಡು ಮೂರು ಸಲ ಬರಬೇಕಾಗಿ ಬಂತು. ನಿಮ್ಮ ಮನಿ ಸಮೀಪದಾಗೇ ಬಂದಿದ್ದೆ, ಆದ್ರ ಹೊತ್ತು ಸಿಗಲಿಲ್ಲ. ನೀವು ಬೈದದ್ದು ನಮ್ಮವರಿಗೆ ಹೇಳಿದೆ. ಭಾಳ ನಕ್ಕರು.

ಹೊರಗಿನ ಗೋಡಿ ಮುಗದೈತಿ. ಒಂದು ಸೀಳಿಲ್ಲ. ಈಗ ಒಂದು ಮಾತು ಕೇಳಬೇಕು.

ಮಿಲಿಂದ ಅಣ್ಣಾರ ಕೋಲ್ಯಾಗ ಗಿಲಾವ ಕೆತ್ತೋವಾಗ ರಸ್ತೆ ಕಡೆ ಗೋಡ್ಯಾಗ ಒಂದು ಕಿಡಕಿ ಸಿಕ್ತು. ಚೌಕಟ್ಟು ಹಂಗ ಐತಿ, ನಡುವ ಇಟ್ಟಂಗಿ ತುಂಬಿ ಮುಚ್ಚ್ಯಾರ. ಇಟ್ಟಂಗಿ ಒಂದೂ ನೆಟ್ಟಗಿಲ್ಲ, ಸುಣ್ಣ ಹೊರಗ ಸೋರಿ ಗಟ್ಟಿ ಆಗೈತಿ. ಅಕ್ಬರಸಾಬ ನೋಡಿ, "ಇದು ಯಾವ ಗೌಂಡಿ ಕಟ್ಟಿದ್ದೋ, ಕರಣಿ ಹಿಡಿಯಾಕ ಬರ್ತಿರಲಿಲ್ಲ ಅವಗ" ಅಂತ ನಕ್ಕರು. ಅದನ್ನ ತಗಸಿ ಕಿಡಕಿ ತೆರೀಬೇಕು ಅನಸೈತಿ. ಗಾಳಿ ಆಡಿದ್ರ ಕೋಲಿ ಒಣಗ್ತೈತಿ. ಮನಿ ನಮ್ಮ ಹೆಸರಿಗಿದ್ರೂ ನಿಮ್ಮನ್ನ ಕೇಳದ ಮಾಡಬಾರದು ಅಂದ್ರು ನಮ್ಮವರು.

ನಿಮ್ಮ
ನರ್ಗೀಸ


ನವನಗರ
೩೦ ಸೆಪ್ಟೆಂಬರ್ ೨೦೨೩

ನರ್ಗೀಸ,

ಆ ಗೋಡಿ ಮುಟ್ಟಬ್ಯಾಡ. ಉಳದದ್ದು ನಿನಗ ಹ್ಯಾಂಗ ಬೇಕೋ ಹಂಗ ಮಾಡಿಕೋ.

ತುಳಸೀಬಾಯಿ


ಇಳಕಲ್
೧೨ ಅಕ್ಟೋಬರ್ ೨೦೨೩

ಅಮ್ಮಾರಿಗೆ ನಮಸ್ಕಾರ.

ನಿಮ್ಮ ಕಾಗದ ನೋಡಿ ನನಗ ಅಂಜಿಕಿ ಆತು. ಆ ಇಟ್ಟಂಗಿ ಮ್ಯಾಲೆ ಮಾಳಗಿ ಭಾರ ನಿಂತೈತೇನೋ ಅಂತ ಅಕ್ಬರಸಾಬನ್ನ ಕರಸಿ ತೋರಿಸಿದೆ. ತೊಲಿ ಆ ಕಡೆ ಈ ಕಡೆ ಗೋಡಿ ಮ್ಯಾಲೆ ಕುಂತಾವ, ಕಿಡಕಿ ಮ್ಯಾಲೆ ಕಲ್ಲಿನ ಹಾಸು ಐತಿ, ಏನೂ ಆಗೂದಿಲ್ಲ ಅಂದ್ರು. ವಾಸ್ತು ಸಲುವಾಗಿ ನೀವು ಬ್ಯಾಡ ಅಂದಿದ್ರ, ನಮ್ಮೊಳಗ ಅದನ್ನ ನೋಡೂದಿಲ್ರಿ. ಏನರ ಕೆಟ್ಟದ್ದು ಆಗೂದಿದ್ರ ಆ ಕಿಡಕಿಯಿಂದ ಆಗೂದಿಲ್ಲ.

ಆ ಕೋಲಿಗೆ ಗಾಳಿ ಬೇಕಾಗೈತಿ ಅಮ್ಮಾ. ಇದಕ್ಕಿಂತ ಹೆಚ್ಚು ನನಗ ಬರ್ಯಾಕ ಬರೂದಿಲ್ಲ.

ನರ್ಗೀಸ


ನವನಗರ
೫ ನವೆಂಬರ್ ೨೦೨೩

ನರ್ಗೀಸಗೆ,

ಈಗಿನವರಿಗೆ ಫೋಟೋದಾಗ ನೋಡಿದಂಥಾ ದೊಡ್ಡ ದೊಡ್ಡ ಕಿಡಕಿ ಬೇಕು. ಅದು ನನಗ ತಿಳೀತದ. ಕತ್ತಲ ಕೋಲ್ಯಾಗೂ ನಾವು ಸಂಸಾರ ಮಾಡಿದ್ವಿ.

ಮನಿ ನಿನ್ನದು. ಮಾರಿದ ಮ್ಯಾಲೆ ನನಗ ಮಾತಿಲ್ಲ. ನಿನಗ ತಿಳದಂಗ ಮಾಡು. ಇನ್ನ ಮುಂದ ನನ್ನನ್ನ ಕೇಳಬ್ಯಾಡ.

ತುಳಸೀಬಾಯಿ


ಇಳಕಲ್
೧೦ ಡಿಸೆಂಬರ್ ೨೦೨೩

ತುಳಸೀಬಾಯಿ ಅಮ್ಮಾರಿಗೆ,

ಕಿಡಕಿ ತೆರಸಿದೆ. ನೀವು ಸಿಟ್ಟಿನ್ಯಾಗ ಹೂಂ ಅಂದದ್ದು ನನಗ ಗೊತ್ತೈತಿ. ಆದ್ರೂ ತೆರಸಿದೆ. ಯಾಕಂತ ಹೇಳದಿದ್ರ ನನಗ ಅನ್ನ ಇಳಿಯೂದಿಲ್ಲ.

ನಮ್ಮವರು ಅಯೂಬ ಗ್ರಾನೈಟ್ ಪಾಲಿಶ್ ಕೆಲಸದಾಗ ಇದ್ದವರು. ಸಣ್ಣ ವಯಸ್ಸಿನಿಂದ ಮಶೀನ್ ಮುಂದ ನಿಂತವರು. ಕಲ್ಲಿನ ಪುಡಿ ಎದ್ಯಾಗ ಕುಂತೈತಿ. ನಿಮ್ಮ ಮನಿ ನೋಡಾಕ ಬಂದಾಗ ಮೆಟ್ಟಲದ ಮ್ಯಾಲೆ ಕುಂತಿದ್ದು ಮೆಟ್ಟಲಾ ಕಡಿದು ಅಂತ ಅಲ್ಲ. ಅವಾಗೇ ಕೆಲಸ ಬಿಟ್ಟಿದ್ರು, ಕೆಲಸದ ಗದ್ದಲದಾಗ ಅದಾರ ಅಂತ ನಾ ಸುಳ್ಳು ಬರದಿದ್ದೆ. ಡಾಕ್ಟರು ಇದಕ್ಕ ಔಷಧ ಇಲ್ಲ ಅಂತ ಹೇಳಿ ಆಗಿತ್ತು. "ನಿನಗೊಂದು ಸ್ವಂತ ಮನಿ ಮಾಡಿಟ್ಟು ಹೋಗ್ತೇನಿ, ಬಾಡಗಿ ಮನಿಯವರು ನಿನ್ನನ್ನ ಎದ್ದು ಹೋಗು ಅನಬಾರದು" ಅಂತ ಹಟ ಹಿಡದು ಈ ಮನಿ ತೊಗೊಂಡ್ರು. ಹುನಗುಂದಕ್ಕ ಕಳಸಿದ್ದು ಧೂಳಿನ ಸಲುವಾಗಿ. ಬಾಗಲಕೋಟಿಗೆ ನಾ ಬಂದಿದ್ದು ದವಾಖಾನಿಗೆ.

ಮೊದಲಽ ಹೇಳಬೇಕಾಗಿತ್ತು. ಅವರೇ ಬ್ಯಾಡ ಅಂದ್ರು. "ಪಾಪ, ಆ ತಾಯಿ ತಮ್ಮ ಮನಿಗೆ ಬಂದವರಿಗೆ ಹಿಂಗಾತು ಅಂತ ತಿಳಕೊಂತಾರ" ಅಂದ್ರು.

ಈಗ ಅವರಿಗೆ ಪಡಸಾಲಿಯಿಂದ ಹಿತ್ತಲ ಮಟಾನೂ ನಡಿಯಾಕ ಆಗೂದಿಲ್ಲ. ಗಾಳಿ ಬೆಳಕು ಇರೋ ಕಡೆ ಮಲಗಸ್ರಿ ಅಂದಾರ ಡಾಕ್ಟರು. ಪಡಸಾಲ್ಯಾಗ ಹೋಗಿ ಬರೋರು ಮಾತಾಡಸ್ತಾರ, ಮಾತಾಡಿದ್ರ ದಮ್ಮು ಹತ್ತತೈತಿ. ಉಳದದ್ದು ಆ ಕೋಲಿ ಒಂದ.

ಇನ್ನ ನೀವು ಬೈರಿ.

ನರ್ಗೀಸ


ನವನಗರ
೧೯ ಡಿಸೆಂಬರ್ ೨೦೨೩

ಚಿ. ಸೌ. ನರ್ಗೀಸಗೆ,

ಬೈಯಲಿಕ್ಕೆ ಬಾಯಿ ಎಲ್ಲಿಂದ ತರಲಿ. ಅಯೂಬರಿಗೆ ಬೈದು ಬರದಿದ್ದೆ, ಅವರು ನಕ್ಕರು ಅಂತ ನೀ ಬರದಿ. ಅದನ್ನ ಓದಿ ಓದಿ ನನಗ ಊಟ ಸೇರವಲ್ದು.

ನಿನಗೂ ನಾ ಒಂದು ಹೇಳಿಲ್ಲ. ಮಿಲಿಂದ ಎಲ್ಲಿ ಇದ್ದಾನ ಅಂತ ಕೇಳಿದ್ದಿ. ಮಿಲಿಂದ ಇಲ್ಲ. ಹುನಗುಂದದ ಕಾಲೇಜಿಗೆ ಹೋಗಿ ಬಂದು ಮಾಡತಿದ್ದ. ಸಂಜಿ ಬಸ್ಸು ನಮ್ಮ ಮನಿ ಮುಂದನಽ ನಿಲ್ಲತಿತ್ತು, ನಾ ಆ ಕಿಡಕ್ಯಾಗ ನಿಂತು ನೋಡತಿದ್ದೆ. ಅವ ಇಳದು ಅಲ್ಲಿಂದನಽ, "ಅಮ್ಮಾ, ಏನರ ತಿನ್ನಲಿಕ್ಕೆ ಇಡು" ಅಂತ ಒದರತಿದ್ದ. ಒಂದು ದಿವಸ ಬಸ್ಸು ಬಂತು, ಅವ ಇಳೀಲಿಲ್ಲ. ಗೆಳೆಯಾನ ಮೋಟಾರ್ ಸೈಕಲ್ ಮ್ಯಾಲೆ ಬರಲಿಕ್ಕೆ ಹೋಗಿ ಎದರಿಗೆ ಲಾರಿ ಬಂದಿತ್ತು.

ಆಮ್ಯಾಲೂ ಬಸ್ಸಿನ ಹೊತ್ತಿಗೆ ನಾ ಹೋಗಿ ನಿಲ್ಲತಿದ್ದೆ. ನನಗ ಬುದ್ಧಿ ಇತ್ತು ನರ್ಗೀಸ, ಅವ ಬರೂದಿಲ್ಲಂತ ತಿಳದಿತ್ತು. ಕಾಲು ಹೋಗತಿದ್ದವು. ಒಲಿ ಮ್ಯಾಲೆ ಹಾಲು ಉಕ್ಕಿದರೂ ಹೋಗತಿದ್ದೆ. ಇವರು ಪುಸ್ತಕ ಹಿಡಕೊಂಡು ನನ್ನ ಬೆನ್ನು ನೋಡತಿದ್ದರು.

ಒಂದು ಶನಿವಾರ ನಮ್ಮ ಅಕ್ಕ ನನ್ನ ತುಳಸಿಗೇರಿ ಹಣಮಪ್ಪನ ದರ್ಶನಕ್ಕ ಕರಕೊಂಡು ಹೋದಳು. ಸಂಜಿಗೆ ಮನಿಗೆ ಬಂದು ನೋಡತೀನಿ, ಕಿಡಕಿ ಇಲ್ಲ. ಇವರು ತಾವೇ ಇಟ್ಟಂಗಿ ತಂದು ತಾವೇ ಕಟ್ಟಿದ್ದರು. ಗೌಂಡಿನ್ನ ಕರದಿದ್ದರ ಊರಿಗೆಲ್ಲಾ ತಿಳೀತದ ಅಂತ ಇರಬೇಕು. ಧೋತರಕ್ಕೆಲ್ಲಾ ಸುಣ್ಣ. ಬರಿಗೈಲೆ ಕಲಸಿದ್ದಕ್ಕ ಅಂಗೈ ತುಂಬ ಬೊಬ್ಬಿ. ರಾತ್ರಿ ಊಟಕ್ಕ ಕೂತಾಗ ಅವರಿಗೆ ಅನ್ನ ಕಲಸಲಿಕ್ಕೆ ಬರಲಿಲ್ಲ. ನಾ ಕಲಸಿ ಕೊಟ್ಟೆ, ಚಮಚಾದಿಂದ ಉಂಡರು. ಆ ವಿಷಯ ನಮ್ಮಿಬ್ಬರೊಳಗ ಅಷ್ಟ. ಅವರು ತೀರಿಹೋಗೂ ತನಕಾ ಅಷ್ಟ.

ಅವರು ಜನ್ಮದಾಗ ಕೈಯಾರೆ ಕಟ್ಟಿದ್ದು ಅದೊಂದು. ಅದಕ್ಕ ಮುಟ್ಟಬ್ಯಾಡ ಅಂದೆ.

ಅಯೂಬರ ತಲಿ ದಿಂಬು ಎತ್ತರ ಮಾಡಿ ಒರಗಿಸು. ದಮ್ಮಿಗೆ ಆರಾಮ ಅನಸ್ತದ.

ತುಳಸೀಬಾಯಿ


ಇಳಕಲ್
೮ ಜನವರಿ ೨೦೨೪

ಅಮ್ಮಾ,

ನಿಮ್ಮ ಕಾಗದ ಓದಿದ ಮ್ಯಾಲೆ ಮೊದಲು ಓಣಿಗೆ ಓಡಿದೆ. ಕಿಡಕ್ಯಾಗಿನ ಇಟ್ಟಂಗಿ ಅಕ್ಬರಸಾಬ ತಿರುವಿನ್ಯಾಗಿನ ತಗ್ಗಿಗೆ ಹಾಕಿಸಿದ್ರು. ಟ್ರ್ಯಾಕ್ಟರ್ ಓಡ್ಯಾಡಿ ಎಲ್ಲಾ ಕೆಂಪು ಪುಡಿ ಆಗೈತಿ. ಒಂದೂ ಇಡೀದು ಸಿಗಲಿಲ್ಲ. ಬಾಜೂ ಮನಿ ಮಾಸುಮಬಿ ಖಾಲಾ, "ಏನು ಕಳಕೊಂಡಿ ಬೇಟಿ" ಅಂತ ಕೇಳಿದ್ರು.

ಅಯೂಬರಿಗೆ ನಿಮ್ಮ ಕಾಗದ ಓದಿ ಹೇಳಿದೆ. "ಆ ಯಜಮಾನ್ರು ಛಲೋ ಮಾಡಿದ್ರು. ನೀನೂ ಛಲೋ ಮಾಡಿದಿ" ಅಂದ್ರು. ಒಂದೊಂದು ಮಾತಿಗೆ ನಿಂತು ನಿಂತು ಹೇಳಿದ್ರು.

ಕಿಡಕಿ ಹಂತೇಲಿ ಮಂಚ ಹಾಕೇನಿ. ಬಿಸಿಲು ಬೀಳ್ತೈತಿ. ಹೋಗೋ ಮಂದಿನ್ನ ನೋಡ್ತಾರ. ಸೀರಿ ಗಂಟು ಹೊತ್ತು ಬಸ್ಸಿಗೆ ಓಡೋರು, ಅವರ ಜೋಡಿ ಕೆಲಸ ಮಾಡಿದವರು. ಅವರು ಸೈಕಲ್ ನಿಲ್ಲಿಸಿ ಕಿಡಕಿ ಹೊರಗಿಂದ ಕೈ ಎತ್ತಿ ಹೋಗ್ತಾರ. ಒಳಗ ಬಂದ್ರ ಮಾತಾಡಸಬೇಕಾಗ್ತೈತಲ್ಲ, ಅದಕ್ಕ.

ನಿಮಗ ನೋವಾಗೈತಿ. ಮಾಫ್ ಮಾಡ್ರಿ.

ನರ್ಗೀಸ


ನವನಗರ
೧೭ ಜನವರಿ ೨೦೨೪

ಚಿ. ಸೌ. ನರ್ಗೀಸಗೆ,

ಇಟ್ಟಂಗಿ ಹೋದರ ಹೋಗಲಿ. ತಗ್ಗು ತುಂಬಿತಲಾ. ಆ ತಿರುವಿನ್ಯಾಗ ಮಳಿಗಾಲದಾಗ ಎಷ್ಟು ಮಂದಿ ಬಿದ್ದಾರ.

ನಾ ದಿನಾ ಅಯೂಬರ ಹೆಸರು ತೊಗೊಂಡು ದೇವರ ಮುಂದ ಎಣ್ಣಿ ಹಾಕತೀನಿ. ಅವರಿಗೆ ನಡೀತದೋ ಇಲ್ಲೋ ಕೇಳು.

ತುಳಸೀಬಾಯಿ


ಇಳಕಲ್
೧೮ ಮಾರ್ಚ್ ೨೦೨೪

ಅಮ್ಮಾ,

ನಡೀತೈತಿ ಅಂತ ಹೇಳಿದ್ರು. ನಿಮಗ ತಿಳಸೂದು ಉಳದಿತ್ತು.

ರಮಜಾನ ಬರೂದ್ರೊಳಗ ಅವರು ಹೋದ್ರು. ಮುಂಜಾನಿ ಚಾ ಕುಡದಿದ್ರು, ಅರ್ಧಾ ಕಪ್ಪು. "ಮಳಿಗಾಲಕ್ಕಿಂತ ಮೊದಲ ಪಶ್ಚಿಮದ ಗೋಡಿಗೆ ಇನ್ನೊಂದು ಕೈ ಸುಣ್ಣ ಬಳಸು" ಅಂದ್ರು. ಹೂಂ ಅಂದೆ. ಹಾಲು ಇಳಸಾಕ ಒಳಗ ಹೋದೆ. ಬಂದು ನೋಡಿದ್ರ ಹಂಗ ಒರಗಿ ರಸ್ತೆ ಕಡೆ ನೋಡಾಕತ್ತಿದ್ರು. ಯಾರೋ ಸೈಕಲ್ ಮ್ಯಾಲಿನವರು ಕೈ ಎತ್ತಿ ಹೋದ್ರು. ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ನಾ ಇದ್ದತ್ ಕುಂತೇನಿ. ನಮ್ಮೊಳಗ ಗಂಡ ಹೋದ ಮ್ಯಾಲೆ ನಾಲ್ಕು ತಿಂಗಳ ಹತ್ತು ದಿನ ಮನಿ ಬಿಟ್ಟು ಹೊರಗ ಹೋಗಾಂಗಿಲ್ಲ. ರೋಷನಬಿ ಆಪಾ ಇದ್ರು, ಅವರೂ ತಿರುಗಿ ಹುನಗುಂದಕ್ಕ ಹೋದ್ರು. ತಮ್ಮ ಯುನೂಸ ಬಂದು, "ಮನಿ ಮಾರಿ ಬದಾಮಿಗೆ ಬಾ ಅಕ್ಕಾ" ಅಂತಾನ.

ನರ್ಗೀಸ


ನವನಗರ
೨೫ ಮಾರ್ಚ್ ೨೦೨೪

ಚಿ. ನರ್ಗೀಸ,

ನಿನ್ನ ಹೆಸರಿನ ಹಿಂದ ಏನು ಬರೀಬೇಕಂತ ಪೆನ್ನು ಹಿಡಕೊಂಡು ಕೂತಿದ್ದೆ. ಇಷ್ಟ ಬರದೆ.

ಗುರುವಾರ ಪದ್ಮಜಾನ್ನ ಕರಕೊಂಡು ಬರತೀನಿ. ಮನಿ ಬಿಟ್ಟ ಮ್ಯಾಲೆ ಮತ್ತ ಆ ರಸ್ತಾದಾಗ ಬಂದಿಲ್ಲ, ಮೊಣಕಾಲ ನೋವು ಅಂತ ಎಲ್ಲಾರಿಗೂ ಹೇಳತಿದ್ದೆ. ಮೊಣಕಾಲಿಗೆ ಏನೂ ಆಗಿಲ್ಲ. ಪದ್ಮಜಾ ತಿರುಗಿ ಹೋಗತಾಳ, ನಾ ನಾಲ್ಕು ದಿವಸ ಇರತೀನಿ. ನೀ ಒಲಿ ಮುಂದ ಹೋಗಬ್ಯಾಡ. ನಿನ್ನ ರೋಜಾ ಬಿಡೂ ಹೊತ್ತಿಗೆ ನಾನೇ ಅನ್ನ ಸಾರು ಮಾಡತೀನಿ. ಆ ಅಡಗಿಮನ್ಯಾಗ ನನಗ ಕಣ್ಣು ಮುಚ್ಚಿ ಕೆಲಸಾ ಬರತದ.

ಜೋರಾಗಿ ಮಾತಾಡಬೇಕು ಅಂತ ದಣೀಬ್ಯಾಡ. ನಾವು ಸುಮ್ಮನ ಕೂಡೂಣು.

ತುಳಸೀಬಾಯಿ


ಇಳಕಲ್
೨೪ ಜುಲೈ ೨೦೨೪

ಅಮ್ಮಾ,

ನೀವು ಹೋದ ಮ್ಯಾಲೆ ಎಷ್ಟೋ ಸಲ ಬರ್ಯಾಕ ಕುಂತೆ, ಆಗಲಿಲ್ಲ. ನೀವು ಇದ್ದ ದಿನ ನಮ್ಮಿಬ್ಬರೊಳಗ ಹತ್ತು ಮಾತೂ ಆಗಿರಲಿಕ್ಕಿಲ್ಲ. ಮೊದಲನೇ ಸಂಜಿ ಬಸ್ಸು ಬಂದಾಗ ನೀವು ಆ ಕೋಲಿ ಬಾಗಲಿನ ಮಟಾ ಬಂದು ನಿಂತ್ರಿ, ಒಳಗ ಹೋಗಲಿಲ್ಲ. ಎರಡನೇ ದಿನ ಹೋಗಿ ಮಂಚದ ಮ್ಯಾಲೆ ಕುಂತ್ರಿ. ನಾನೂ ಕುಂತೆ. ಬಸ್ಸಿನಿಂದ ಇಳದ ಮಂದಿ ಎಲ್ಲಾ ತಮ್ಮ ತಮ್ಮ ಮನಿಗೆ ಹೋದ್ರು. ನೀವು ನನ್ನ ಕೈ ಹಿಡಕೊಂಡು, "ಏಳು, ಸಾರಿಗೆ ಒಗ್ಗರಣಿ ಹಾಕೂದದ" ಅಂದ್ರಿ. ಅಷ್ಟರ ಮ್ಯಾಲೆ ನಾ ಇಷ್ಟು ದಿನ ಕಳದೇನಿ.

ಯುನೂಸಗ ಬರೂದಿಲ್ಲ ಅಂತ ಹೇಳಿದೆ. ಸಿಟ್ಟು ಮಾಡ್ಯಾನ, ಇಳೀತೈತಿ. ಪಶ್ಚಿಮದ ಗೋಡಿಗೆ ಸುಣ್ಣ ಬಳಸೇನಿ. ಈ ಸಲ ಮಳಿ ಭಾಳ ಐತಿ. ಬುಡದಾಗ ಸ್ವಲ್ಪ ಹಸಿ ಬಂದಿತ್ತು, ಒಣಗೈತಿ. ಅಕ್ಬರಸಾಬ ಹಳೇ ಮನಿ ಅಂದ್ರ ವರ್ಷಾ ಇಷ್ಟು ಇರಾದೇ ಅಂದ್ರು.

ಇದ್ದತ್ ಮುಗೀತು. ನಿನ್ನೆ ಸಾಲಿಗೆ ಹೋದೆ. ಚೀಲ ತೊಗೊಂಡು ಹೊರಗ ಬಂದು ಬಾಗಲಾ ಮುಂದ ಮಾಡಿ ನಿಂತೆ, ಹೋಗಾಕ ಆಗಲಿಲ್ಲ. ಈ ಮನಿಗೆ ಬಂದಾಗಿಂದ ನಾ ಹೊರಗಿಂದ ಕೀಲಿ ಹಾಕಿದ್ದೇ ಇಲ್ಲ. ನಾ ಸಾಲಿಗೆ ಹೋದ್ರ ಒಳಗ ಅವರು ಇರತಿದ್ರು, ಅವರು ಹುನಗುಂದದಾಗ ಇದ್ದಾಗ ಗೌಂಡಿ ಮಂದಿ ಇರತಿದ್ರು. ಮಾಸುಮಬಿ ಖಾಲಾ ತಮ್ಮ ಮನಿದೊಂದು ಕೀಲಿ ತಂದು ಕೊಟ್ರು. ಹಾಕಿದೆ. ಜಗ್ಗಿ ನೋಡಿದೆ. ಆಮ್ಯಾಲೆ ಕೀಲಿಕೈ ಹಿಡಕೊಂಡು ಅಲ್ಲೇ ನಿಂತೆ, ಅದನ್ನ ಎಲ್ಲಿ ಇಟಗೋಬೇಕು ಅನ್ನೂದು ತಿಳೀಲಿಲ್ಲ.

ನಿಮ್ಮ
ನರ್ಗೀಸ